ಕಿವಿ ಇದ್ದ ಸಿನಿಮಾಗಳು

ಸಿನಿಮಾ ನೋಡಿ ಬಂದ ಮೇಲೆ ಅದರ ಕಥೆ ನನಗೆ ಬೇಗ ಮರೆತುಹೋಗುತ್ತದೆ. ಯಾರು ಯಾರನ್ನು ಕೊಂದರು, ಆಸ್ತಿ ಯಾರ ಪಾಲಾಯಿತು ಎಂಬುದೆಲ್ಲ ಒಂದೆರಡು ತಿಂಗಳಲ್ಲಿ ಕಲಸಿಹೋಗುತ್ತದೆ. ಉಳಿಯುವುದು ಮಾತು, ಆ ಮಾತನ್ನು ಆಡಿದ ದನಿ. ‘ತಿಥಿ’ ಸಿನಿಮಾ ಬಂದು ವರ್ಷಗಳೇ ಆದವು. ಅದರಲ್ಲಿ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗುವವರಿಗೆ, ಬರುವವರಿಗೆ ಬೈಯುತ್ತಿದ್ದ ದನಿ ಈಗಲೂ ಕಿವಿಯಲ್ಲಿದೆ. ಬೈದು ಮುಗಿಸಿ ಎದ್ದು, ಮೂತ್ರಕ್ಕೆಂದು ಗೋಡೆ ಮರೆಗೆ ಹೋದ ನೂರೊಂದು ವರ್ಷದ ಆ ಮುದುಕ ಅಲ್ಲೇ ಬಿದ್ದು ಸತ್ತುಹೋಗುತ್ತಾನೆ. ಆ ಸಾವಿಗೆ ಪಿಟೀಲು ಅಳುವುದಿಲ್ಲ. ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಈ ಚಿತ್ರವನ್ನು ಅವರ ಜೊತೆ ಸೇರಿ ಬರೆದವರು ಅದೇ ಊರಿನ ಈರೇಗೌಡರು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಗೆದ್ದು, ಮುಂದಿನ ವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಅದರಲ್ಲಿ ಸೆಂಚುರಿ ಗೌಡನ ಮಗ ಗಡ್ಡಪ್ಪ ಕುರಿಗಾಹಿಗಳ ನಡುವೆ ಕೂತು ತನ್ನ ಹಳೆಯ ಬದುಕನ್ನು ಹೇಳುವ ಒಂದು ದೃಶ್ಯವಿದೆ. ಬೇರೆ ಯಾವ ಚಿತ್ರವಾದರೂ ಅಲ್ಲಿ ಫ್ಲ್ಯಾಶ್‌ಬ್ಯಾಕಿಗೆ ಜಿಗಿಯುತ್ತಿತ್ತು. ಇಲ್ಲಿ ಚಿತ್ರ ಅವನ ಬಳಿಯೇ ಕೂತು ಕೇಳುತ್ತದೆ. ಎದೆ ಒಡೆಯುವಂಥ ಸಂಗತಿಯನ್ನು ಮಳೆ ಬೆಳೆಯ ಸುದ್ದಿ ಹೇಳಿದ ಹಾಗೆ, ಏರಿಳಿತವಿಲ್ಲದೆ ಹೇಳಿ ಮುಗಿಸುತ್ತಾನೆ. ನಮ್ಮ ಹಳ್ಳಿಗಳ ಹಿರಿಯರು ದುಃಖವನ್ನು ಹೇಳಿಕೊಳ್ಳುವುದೇ ಹೀಗೆ. ಆಮೇಲೆ ಕೆಲವರು ಅದೇ ಮುಖಗಳನ್ನು ತಂದು ಹಾಸ್ಯಚಿತ್ರ ಮಾಡಿದರು. ಅವುಗಳಲ್ಲಿ ಮುಖಗಳಿದ್ದವು, ಕಿವಿ ಇರಲಿಲ್ಲ.

ಒಂದು ಚಿತ್ರ ಯಾಕೆ ವರ್ಷಗಟ್ಟಲೆ ಬದುಕುತ್ತದೆ, ಜನ ಅದನ್ನು ಯಾಕೆ ಬಾಯಿಪಾಠ ಮಾಡಿಕೊಂಡು ಓಡಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಒಂದು ಜಾಗದ ಜನ ಹೇಗೆ ಮಾತಾಡುತ್ತಾರೆ ಎಂಬುದನ್ನು ನಿರ್ದೇಶಕ ಕಿವಿಗೊಟ್ಟು ಕೇಳಿರುತ್ತಾನೆ.

1995ರ ‘ಓಂ’ ಚಿತ್ರವನ್ನೇ ನೋಡಿ. ಉಪೇಂದ್ರ ಅದರಲ್ಲಿ ಬೆಂಗಳೂರಿನ ಭೂಗತ ಲೋಕದ ನಿಜವಾದ ಮಂದಿಯನ್ನೇ ತಂದು ಪರದೆಯ ಮೇಲೆ ನಿಲ್ಲಿಸಿದರು. ಅವರಿಗೆ ನಟನೆ ಗೊತ್ತಿರಲಿಲ್ಲ. ಹಾಗಾಗಿ ಸುಮ್ಮನೆ ನಿಲ್ಲುತ್ತಾರೆ, ಸಣ್ಣ ದನಿಯಲ್ಲಿ ಮಾತಾಡುತ್ತಾರೆ. ಅದುವರೆಗಿನ ನಮ್ಮ ಖಳರು ನಕ್ಕು, ಗದರಿ, ಕಣ್ಣು ಹೊರಳಿಸಿ ಹುಟ್ಟಿಸದಿದ್ದ ಭಯ ಆ ಸಣ್ಣ ದನಿಯಿಂದ ಹುಟ್ಟಿತು. ಮೆಜೆಸ್ಟಿಕ್ ಬಳಿಯ ಕಪಾಲಿಯಲ್ಲಿ ಈ ಚಿತ್ರ ಮತ್ತೆ ಮತ್ತೆ ಬಿಡುಗಡೆಯಾಗುತ್ತಲೇ ಇತ್ತು. ಈಗ ಕಪಾಲಿಯೇ ಇಲ್ಲ, ‘ಓಂ’ ಇದೆ. ಅದರ ಬೆನ್ನಿಗೆ ಬಂದ ಮಚ್ಚು ಲಾಂಗುಗಳ ಚಿತ್ರಗಳ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಅವು ‘ಓಂ’ನಿಂದ ಲಾಂಗನ್ನು ಎತ್ತಿಕೊಂಡವು, ಅಪ್ಪನನ್ನು ಅಲ್ಲೇ ಬಿಟ್ಟು ಬಂದವು. ‘ಓಂ’ನ ನಾಯಕ, ಸತ್ಯ ಎಂಬ ರೌಡಿ, ಪುರೋಹಿತರ ಮಗ. ಮನೆಯೊಳಗೆ ಮಂತ್ರ, ಹೊರಗೆ ರಕ್ತ. ಆ ಹೊಸ್ತಿಲನ್ನು ದಾಟಲಾರದ ಸಂಕಟವೇ ಚಿತ್ರದ ಜೀವ. ಅದನ್ನು ತೆಗೆದರೆ ಉಳಿಯುವುದು ಬರೀ ಹೊಡೆದಾಟ.

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಚಿತ್ರಮಂದಿರಗಳಲ್ಲಿ ಜನ ತುಂಬಲಿಲ್ಲ. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿಂದ ತೋರಿಸುವ ಅದರ ರಚನೆಯ ಬಗ್ಗೆ ಆಗ ತುಂಬ ಚರ್ಚೆಯಾಯಿತು. ನನಗೆ ರಚನೆಗಿಂತ ಕಥೆ ನಡೆಯುವ ಮಲ್ಪೆಯೇ ಮುಖ್ಯ. ದೋಣಿ, ಬಲೆ, ಅಷ್ಟಮಿಯ ಗದ್ದಲ, ಹುಲಿವೇಷದ ತಾಸೆ, ಇವುಗಳ ನಡುವೆ ಬೆಳೆದವರು ಮಾತ್ರ ಆಡಬಹುದಾದ ಕನ್ನಡ. ಅದಕ್ಕೆ ಮುಂಚೆ ನಮ್ಮ ಸಿನಿಮಾಗಳಲ್ಲಿ ಮಂಗಳೂರು ಕಡೆಯ ಕನ್ನಡ ಕೇಳಿಸಿದರೆ ಅದು ಬಹುಮಟ್ಟಿಗೆ ನಗಿಸಲು ಬಂದ ಅಡುಗೆ ಭಟ್ಟರ ಬಾಯಲ್ಲಿ. ಆ ಕನ್ನಡದಲ್ಲಿ ಒಬ್ಬ ಕೊಲೆ ಮಾಡಬಹುದು, ಒಬ್ಬ ತಾಯಿ ಅಳಬಹುದು, ಒಬ್ಬ ಹುಡುಗ ಸಂಕೋಚದಿಂದ ಪ್ರೀತಿ ಹೇಳಲಾರದೆ ಒದ್ದಾಡಬಹುದು ಎಂದು ಈ ಚಿತ್ರ ತೋರಿಸಿತು. 2017ರಲ್ಲಿ ಇದನ್ನೇ ತಮಿಳಿನಲ್ಲಿ ‘ರಿಚಿ’ ಎಂದು ಮಾಡಿದರು. ಕಥೆ ಹೋಯಿತು, ಊರು ಹೋಗಲಿಲ್ಲ. ಆ ಚಿತ್ರ ನಿಲ್ಲಲಿಲ್ಲ.

2025ರ ಜುಲೈಯಲ್ಲಿ ‘ಸು ಫ್ರಮ್ ಸೋ’ಗೆ ಜನ ಮುಗಿಬಿದ್ದದ್ದನ್ನು ಕಂಡಾಗ ಮಲ್ಪೆಯ ಆ ಹುಡುಗರು ಹಾಕಿಕೊಟ್ಟ ದಾರಿ ನೆನಪಾಯಿತು. ಜೆ.ಪಿ. ತೂಮಿನಾಡು ಅವರ ಈ ಚಿತ್ರದಲ್ಲಿ ದೊಡ್ಡ ತಾರೆಯರಿಲ್ಲ. ಹುಡುಗನೊಬ್ಬ ತನ್ನ ತಪ್ಪು ಮುಚ್ಚಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರಿಗೆ ಊರೇ ಅದರ ಹಿಂದೆ ಬೀಳುತ್ತದೆ. ಮದುವೆ ಮನೆಗೂ ಸಾವಿನ ಮನೆಗೂ ಒಂದೇ ಗತ್ತಿನಲ್ಲಿ ಬರುವ ಆ ‘ಬಾವ’ನನ್ನು ಕಂಡು ಬೀದರಿನವರೂ ನಕ್ಕರು. ಇಂಥ ಬಾವ ಎಲ್ಲರ ನೆಂಟರಲ್ಲೂ ಒಬ್ಬನಿರುತ್ತಾನೆ. ಚಿತ್ರ ನನಗೆ ಪ್ರಿಯವಾದದ್ದು ಇನ್ನೊಂದು ಕಾರಣಕ್ಕೆ. ನಗಿಸುತ್ತಲೇ ಹೋಗಿ, ಯಾರ ಹೆಸರಿನ ದೆವ್ವವೋ ಆ ಸುಲೋಚನಳ ಮಗಳು ಭಾನುವಿನ ಮುಂದೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಸತ್ತವಳಿಗೆ ಹೆದರುವ ಊರು ಬದುಕಿರುವವಳ ಕಷ್ಟವನ್ನು ಕೇಳುವುದಿಲ್ಲ. ಇದನ್ನು ಒಂದೇ ಒಂದು ಭಾಷಣವಿಲ್ಲದೆ ಹೇಳಿದ್ದು ದೊಡ್ಡ ಮಾತು.

‘ಕಾಂತಾರ’ದ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. 2022ರ ಚಿತ್ರದಲ್ಲಿ ಕುಂದಾಪ್ರ ಕನ್ನಡವಿತ್ತು. ಕಂಬಳದ ಕೆಸರಿತ್ತು, ಹರಟುತ್ತಾ ಬೇಟೆಗೆ ಹೋಗುವ ಪಟಾಲಂ ಇತ್ತು. ಕೊನೆಗೆ ಗುಳಿಗ ದೈವದ ಕೂಗು ಕೇಳಿದಾಗ ಮೈ ಜುಮ್ಮೆಂದದ್ದು ಅಲ್ಲಿಯವರೆಗೆ ಆ ಜನರ ಜೊತೆ ನಾವೂ ಬಾಳಿದ್ದರಿಂದ. 2025ರ ಅಕ್ಟೋಬರಿನಲ್ಲಿ ಬಂದ ‘ಚಾಪ್ಟರ್ 1’ ಅರಮನೆ, ರಥ, ಯುದ್ಧಗಳ ವೈಭವದಲ್ಲಿ ಕಣ್ಣು ತುಂಬಿಸಿತು, ಶ್ರಮವೂ ಕಂಡಿತು. ಆದರೆ ಆ ಹರಟೆಯನ್ನು ನಾನು ಕೊನೆಯವರೆಗೂ ಹುಡುಕಿದೆ. ‘ಕೆಜಿಎಫ್’ ಬಗ್ಗೆ ಇಷ್ಟೂ ತೊಳಲಾಟವಿಲ್ಲ. ಅದರ ಸಂಕಲನದ ವೇಗ, ಮಸಿ ಬಳಿದಂಥ ಬಣ್ಣ ಮೆಚ್ಚುವಂಥವೇ. ಆದರೆ 2001ರಲ್ಲಿ ನಿಜವಾದ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೂ ತಮಿಳು, ತೆಲುಗು, ಕನ್ನಡ ಬೆರೆಸಿ ಬದುಕುತ್ತಿರುವ ಆ ಊರಿನ ಕಾರ್ಮಿಕರ ಒಂದು ಸಹಜ ಮಾತೂ ಅಲ್ಲಿಲ್ಲ. ಜನರೆಂದರೆ ಅಲ್ಲಿ ನಾಯಕನಿಗೆ ಜೈಕಾರ ಹಾಕುವ ಗುಂಪು. ಅದು ನನ್ನ ಮಟ್ಟಿಗೆ ದೊಡ್ಡ ಕೊರತೆ, ಎಷ್ಟು ಕೋಟಿ ಗಳಿಸಿದರೂ ಕೊರತೆಯೇ.

ಕರಾವಳಿಗೆ, ಮಂಡ್ಯಕ್ಕೆ ಸಿಕ್ಕಿದ ಈ ಭಾಗ್ಯ ಉತ್ತರ ಕರ್ನಾಟಕಕ್ಕೆ ಇನ್ನೂ ಪೂರ್ತಿ ಸಿಕ್ಕಿಲ್ಲ. ನಾಗಾಭರಣರ ‘ನಾಗಮಂಡಲ’ 1997ರಲ್ಲೇ ಆ ಮಾತಿನ ಚೆಲುವನ್ನು ತೋರಿಸಿತ್ತು. ಆದರೂ ನಮ್ಮ ಬಹುಪಾಲು ಚಿತ್ರಗಳಲ್ಲಿ ಆ ಕಡೆಯ ಮಾತು ನಗಿಸುವ ಪಾತ್ರಗಳಿಗಷ್ಟೇ ಮೀಸಲು. ಅದಕ್ಕೇ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ನನಗೆ ಇಷ್ಟು ಮುಖ್ಯ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಜನರೇ ಅದರಲ್ಲಿದ್ದಾರೆ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಹಾಸಿಗೆ ಹಿಡಿದ ಗಂಡ ಎದ್ದು ಕೂರಲಿ ಎಂದು ನೆಟ್‌ವರ್ಕ್ ಮಾರ್ಕೆಟಿಂಗ್‌ನ ಶಕ್ತಿಪುಡಿಯ ಹಿಂದೆ ಬೀಳುತ್ತಾಳೆ. ಇದ್ದಬದ್ದ ದುಡ್ಡು ಸುರಿದು, ಮನೆ ಮನೆ ಬಾಗಿಲು ತಟ್ಟಿ, ಬೈಸಿಕೊಂಡರೂ ಮತ್ತೆ ಮಾರಲು ಹೊರಡುತ್ತಾಳೆ. ಶರಣಮ್ಮ ಚೆಟ್ಟಿ ಆ ಹಟವನ್ನು ನಡಿಗೆಯಲ್ಲೇ ತೋರಿಸಿದ್ದಾರೆ. 2022ರಲ್ಲಿ ಬೂಸಾನ್ ಉತ್ಸವದಲ್ಲಿ ಪ್ರಶಸ್ತಿ ಗೆದ್ದ ಚಿತ್ರ ಇದು. 2024ರಲ್ಲಿ ಇಲ್ಲಿ ಬಿಡುಗಡೆಯಾದಾಗ ಸದ್ದಿಲ್ಲದೆ ಬಂದು ಹೋಯಿತು. ನೀವು ನೋಡಿಲ್ಲವಾದರೆ ಎಲ್ಲಿ ಸಿಕ್ಕಿದರೂ ಹುಡುಕಿ ನೋಡಿ. ಇಂಥ ಇನ್ನೊಂದು ಚಿತ್ರ ನಿಮ್ಮ ಊರಿಗೆ ಬಂದರೆ ದಯವಿಟ್ಟು ಮೊದಲ ವಾರವೇ ಮನೆಮಂದಿಯನ್ನು ಕರೆದುಕೊಂಡು ಹೋಗಿ, ಎರಡನೆಯ ವಾರಕ್ಕೆ ಅದು ಅಲ್ಲಿರುವುದಿಲ್ಲ.