ವೈಯೌ ನದಿಗೆ ಇಳಿಯುವ ಮುನ್ನ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತುತ್ತತುದಿಯಲ್ಲಿರುವ ಸೌತ್‌ಲ್ಯಾಂಡ್ ಪ್ರಾಂತ್ಯವು ಕುರಿ, ಹಸು, ಮಳೆ ಮತ್ತು ನದಿಗಳ ನಾಡು. ಅಲ್ಲಿಯ ಪ್ರಮುಖ ನಗರವಾದ ಇನ್ವರ್‌ಕಾರ್ಗಿಲ್‌ನಿಂದ ಪಶ್ಚಿಮಕ್ಕೆ ಸುಮಾರು 85 ಕಿಲೋಮೀಟರ್ ಸಾಗಿದರೆ ಟುವಾಟಪೆರೆ ಎಂಬ ಸಣ್ಣ ಊರು. ಅದರ ಮಗ್ಗುಲಲ್ಲೇ ವೈಯೌ ನದಿ. ಮಾವೊರಿ ಭಾಷೆಯಲ್ಲಿ ‘ವೈ’ ಎಂದರೆ ನೀರು, ‘ಔ’ ಎಂದರೆ ಸೆಳವು. ಟೆ ಅನೌ ಮತ್ತು ಮನಪೌರಿ ಎಂಬ ಎರಡು ದೊಡ್ಡ ಸರೋವರಗಳ ನೀರನ್ನು ಹೊತ್ತು ದಕ್ಷಿಣಕ್ಕೆ ಹರಿದು ಟೆ ವೈವೈ ಕೊಲ್ಲಿಯಲ್ಲಿ ಕಡಲನ್ನು ಸೇರುವ ಈ ನದಿಗೆ ಆ ಹೆಸರು ಒಂದು ಕಾಲಕ್ಕೆ ಪೂರ್ಣವಾಗಿ ಒಪ್ಪುತ್ತಿತ್ತು. ಕ್ಲಿಫ್ಡನ್ ಎಂಬಲ್ಲಿ 1899ರಲ್ಲಿ ಕಟ್ಟಿದ ತೂಗುಸೇತುವೆ ಇಂದಿಗೂ ನಿಂತಿದೆ. ಅದರ ಕೆಳಗಿನ ನದಿ ಮಾತ್ರ ಅಂದಿನದಲ್ಲ. ಮನಪೌರಿ ಜಲವಿದ್ಯುತ್ ಕೇಂದ್ರಕ್ಕಾಗಿ ಸರೋವರದ ನೀರಿನ ಬಹುಪಾಲನ್ನು ಬೆಟ್ಟದೊಳಗಿನ ಸುರಂಗದ ಮೂಲಕ ಪಶ್ಚಿಮದ ಕಡಲಿಗೆ ತಿರುಗಿಸಿದ ಮೇಲೆ, ಕೆಳಪಾತ್ರದ ವೈಯೌ ಹೆಚ್ಚಿನ ದಿನಗಳಲ್ಲಿ ಸೌಮ್ಯವಾಗಿ, ಒಂದೇ ಮಟ್ಟದಲ್ಲಿ, ಗುಂಡುಕಲ್ಲುಗಳ ಮೇಲೆ ಹರಿಯುತ್ತದೆ. ನೋಡುವವರಿಗೆ ಸುಲಭವಾಗಿ ನಡೆದು ದಾಟಬಹುದಾದ ಹೊಳೆಯೆಂದು ತೋರುತ್ತದೆ. ತೋರುವುದು ಬೇರೆ, ದಾಟುವುದು ಬೇರೆ.

ಇಲ್ಲಿ ನೀರಿಗಿಳಿಯುವವರಲ್ಲಿ ಹೆಚ್ಚಿನವರು ಟ್ರೌಟ್ ಮೀನಿನ ಬೆನ್ನು ಹತ್ತಿದವರು. ಆ ಮೀನು ಈ ನೆಲದ್ದಲ್ಲ. ಕಂದು ಟ್ರೌಟ್‌ನ ಮೊಟ್ಟೆಗಳು 1867ರಲ್ಲಿ ಟಾಸ್ಮೇನಿಯಾದಿಂದ ಇಲ್ಲಿಗೆ ಬಂದವು; ಟಾಸ್ಮೇನಿಯಾಕ್ಕೆ ಮೂರು ವರ್ಷ ಮೊದಲು ಇಂಗ್ಲೆಂಡಿನಿಂದ ಹಡಗಿನಲ್ಲಿ, ಮಂಜುಗಡ್ಡೆಯ ನಡುವೆ ಇರಿಸಿ ತರಲಾಗಿತ್ತು. ನೀಲಗಿರಿಯ ಓದುಗರಿಗೆ ಇಂಥ ಕಥೆ ಅಪರಿಚಿತವಲ್ಲ. ಅವಲಾಂಚಿಯ ಟ್ರೌಟ್ ಮರಿ ಕೇಂದ್ರವೂ ತಾವು ಹೋದಲ್ಲೆಲ್ಲ ತಮ್ಮ ಮೀನೂ ಇರಬೇಕೆಂಬ ಆಂಗ್ಲರ ಹಂಬಲದ ಕೂಸೇ ಆಗಿದೆ. ನ್ಯೂಜಿಲೆಂಡಿನಲ್ಲಿ ಈ ಮೀನಿಗೆ ಸಂಬಂಧಿಸಿದ ಕಾನೂನು ಮಾತ್ರ ಸ್ವಾರಸ್ಯಕರವಾದುದು: ಟ್ರೌಟನ್ನು ಮಾರುವುದು ಅಲ್ಲಿ ಅಪರಾಧ. ಅಂಗಡಿಯಲ್ಲಿ ಅದು ಸಿಗದು, ಹೋಟೆಲಿನ ಪಟ್ಟಿಯಲ್ಲೂ ಇರದು. ತಿನ್ನಬೇಕೆಂದವರು ಪರವಾನಗಿ ಪಡೆದು ತಾವೇ ಹಿಡಿಯಬೇಕು, ಇಲ್ಲವೆ ಹಿಡಿದವರು ಪ್ರೀತಿಯಿಂದ ಕೊಡಬೇಕು. ಹಾಗಾಗಿ ವಕೀಲನಾಗಲಿ ಕುರಿಗಾಹಿಯಾಗಲಿ, ಟ್ರೌಟಿನ ಆಸೆಯುಳ್ಳವನು ನೀರಿನಲ್ಲಿ ನಿಲ್ಲುವುದನ್ನು ಕಲಿಯಲೇಬೇಕು.

ನಿಲ್ಲುವುದಕ್ಕೆ ಬೇಕಾದ ಉಡುಪೇ ವೇಡರ್. ಪಾದದಿಂದ ಎದೆಯವರೆಗೆ ಒಂದೇ ತುಂಡಾಗಿ ತೊಟ್ಟು, ಹೆಗಲಿಗೆ ಪಟ್ಟಿ ಹಾಕಿಕೊಳ್ಳುವ, ನೀರು ಒಳನುಗ್ಗದ ಚಲ್ಲಣವಿದು. ಅಕ್ಟೋಬರ್ ತಿಂಗಳೆಂದರೆ ಅಲ್ಲಿ ವಸಂತದ ಆರಂಭದ ದಿನಗಳು. ಬೆಟ್ಟದ ಹಿಮ ಕರಗಿ ಹೊಳೆಗೆ ಇಳಿಯುವ ಕಾಲ. ಶಾಖವನ್ನು ಸಾಗಿಸುವ ಗುಣ ಗಾಳಿಗಿಂತ ನೀರಿಗೆ ಸುಮಾರು 24 ಪಟ್ಟು ಹೆಚ್ಚು. ಅಂಥ ನೀರಿನಲ್ಲಿ ಬರಿಗಾಲಲ್ಲಿ ಅರ್ಧ ಗಂಟೆ ನಿಂತವನಿಗೆ ಕಾಲ್ಬೆರಳುಗಳು ಇರುವುದೇ ಮರೆತುಹೋಗುತ್ತದೆ. ನಿಯೋಪ್ರೀನ್ ಬೇಕಾಗುವುದು ಇಲ್ಲಿಯೇ. 1930ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ಕೃತಕ ರಬ್ಬರನ್ನು ನೊರೆಯಂತೆ ಉಬ್ಬಿಸಿದಾಗ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಅನಿಲಗುಳ್ಳೆಗಳು ಒಂದಕ್ಕೊಂದು ಸೇರದೆ ಉಳಿಯುತ್ತವೆ. ನೀರು ಆ ಗುಳ್ಳೆಗಳನ್ನು ಹೊಗಲಾರದು, ಮೈಯ ಬಿಸಿ ಅವುಗಳನ್ನು ದಾಟಲಾರದು. ಕಂಬಳಿ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಕಂಬಳಿಯ ಗಾಳಿಯನ್ನು ನೀರು ಓಡಿಸುತ್ತದೆ, ಇದರ ಗಾಳಿಯನ್ನು ಓಡಿಸದು.

ಆರಿಸುವಾಗ ಮೊದಲು ನೋಡಬೇಕಾದದ್ದು ದಪ್ಪ. ಸಾಮಾನ್ಯವಾಗಿ 3 ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗೆ ದೊರೆಯುತ್ತದೆ. ದಪ್ಪ ಹೆಚ್ಚಿದಷ್ಟೂ ಬೆಚ್ಚಗೆ, ಆದರೆ ಅಷ್ಟೇ ಬಿಗಿ, ಅಷ್ಟೇ ಭಾರ. ನಿಂತಲ್ಲೇ ನಿಂತು ಕಾಯುವವನಿಗೆ 5 ಒಳ್ಳೆಯದು. ಹೊಳೆಯ ಗುಂಟ ಸಾಗುವವನಿಗೆ 3 ಸಾಕು. ಎರಡನೆಯದು ಹೊಲಿಗೆ. ಬಾಳಿಕೆ ಎಂಬುದು ಬಟ್ಟೆಗಿಂತ ಹೊಲಿಗೆಯಲ್ಲಿದೆ. ಅಂಚುಗಳನ್ನು ಮೊದಲು ಅಂಟಿಸಿ, ಸೂಜಿ ಆಚೆ ಬದಿಗೆ ತೂರದಂತೆ ಹೊಲಿದು, ಮೇಲೆ ಪಟ್ಟಿ ಹಚ್ಚಿದ ವೇಡರ್ ವರ್ಷಗಟ್ಟಲೆ ಬಾಳುತ್ತದೆ. ಸುಮ್ಮನೆ ಹೊಲಿದದ್ದರಲ್ಲಿ ಪ್ರತಿ ಸೂಜಿರಂಧ್ರವೂ ಒಂದು ಬಾಗಿಲು. ಮೊದಲು ಸೋರುವುದು ತೊಡೆಗಳು ಕೂಡುವಲ್ಲಿ, ಮೊದಲು ಸವೆಯುವುದು ಮೊಣಕಾಲಿನಲ್ಲಿ. ಈ ಎರಡು ಕಡೆ ಹೆಚ್ಚಿನ ಪದರವಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಅಳತೆಯ ವಿಷಯದಲ್ಲಿ ಅಂಗಡಿಯವನ ಪಟ್ಟಿಯನ್ನು ನಂಬುವುದಕ್ಕಿಂತ, ದಪ್ಪ ಕಾಲುಚೀಲ ಹಾಕಿಕೊಂಡೇ ಅದನ್ನು ತೊಟ್ಟು, ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ನೋಡುವುದು ಮೇಲು. ಆಗ ಹೊಲಿಗೆ ಬಿಗಿದರೆ ಹೊಳೆಯಲ್ಲಿ ಅದು ಬಿರಿಯುತ್ತದೆ. ಅತಿ ಸಡಿಲವಾದರೆ ಸೆಳವು ಅದನ್ನು ಹಾಯಿಯಂತೆ ಹಿಡಿದು ಎಳೆಯುತ್ತದೆ.

ಆದರೂ ನಿಯೋಪ್ರೀನ್ ಎಲ್ಲ ಹೊತ್ತಿಗೂ ಸಲ್ಲುವ ಉಡುಪಲ್ಲ. ಅದು ನೀರನ್ನು ಒಳಬಿಡದಂತೆಯೇ ಬೆವರನ್ನೂ ಹೊರಬಿಡುವುದಿಲ್ಲ. ಬೇಸಿಗೆಯಲ್ಲಿ ಮೀನನ್ನು ಹುಡುಕುತ್ತಾ ಮೈಲಿಗಟ್ಟಲೆ ನಡೆಯುವ ಅಲ್ಲಿಯ ಜನ ಎಷ್ಟೋ ಸಲ ವೇಡರನ್ನೇ ತೊಡುವುದಿಲ್ಲ. ಮೈಗಂಟುವ ತೆಳು ಬೆಚ್ಚನೆಯ ಉಡುಪಿನ ಮೇಲೆ ಗಿಡ್ಡ ಚಡ್ಡಿ ತೊಟ್ಟು ನೆನೆಯುತ್ತಲೇ ನಡೆಯುತ್ತಾರೆ. ಹೊರಗಿನವರಿಗೆ ಆ ವೇಷ ನಗೆ ತರಿಸಬಹುದು. ಬೆವರಿ ಬೇಯುವುದಕ್ಕಿಂತ ಅದೇ ಹಿತವೆಂಬುದು ಅನುಭವದ ಮಾತು.

ಜೀವರಕ್ಷಣೆಯ ಮಾತು ಒಂದಿದೆ. ವೇಡರಿನೊಳಗೆ ನೀರು ತುಂಬಿದರೆ ಅದು ಮನುಷ್ಯನನ್ನು ತಳಕ್ಕೆ ಎಳೆದೊಯ್ಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ನೀರಿನೊಳಗೆ ನೀರಿಗೆ ತೂಕವಿಲ್ಲ; ನಿಯೋಪ್ರೀನ್ ತಾನಾಗಿ ತೇಲುವ ವಸ್ತು. ಅಪಾಯವಿರುವುದು ಚಳಿಯಲ್ಲಿ, ಸೆಳವಿನಲ್ಲಿ, ಮತ್ತು ತುಂಬಿದ ಉಡುಪಿನೊಡನೆ ದಡ ಹತ್ತಲಾಗದ ಆಯಾಸದಲ್ಲಿ. ಆದ್ದರಿಂದ ಸೊಂಟಕ್ಕೆ ಬಿಗಿಯುವ ಪಟ್ಟಿಯನ್ನು ಅಲಂಕಾರವೆಂದು ಬಿಟ್ಟುಹೋಗುವಂತಿಲ್ಲ. ಬಿದ್ದಾಗ ನೀರು ಕಾಲಿನವರೆಗೆ ಇಳಿಯದಂತೆ ತಡೆಯುವುದು ಅದೊಂದೇ.

ಬೀಳದಿರುವುದು ಅಟ್ಟೆಯ ಕೆಲಸ. ವೈಯೌ ನದಿಯ ನಿಜವಾದ ವ್ಯಾಜ್ಯ ಇರುವುದು ಈ ಅಟ್ಟೆಯಲ್ಲಿ. ಪಾಚಿಗಟ್ಟಿದ ಕಲ್ಲಿನ ಮೇಲೆ ಫೆಲ್ಟ್, ಅಂದರೆ ನಾರುಗಳನ್ನು ಒತ್ತಿ ಮಾಡಿದ ಕಂಬಳಿಯಂಥ ದಪ್ಪ ಬಟ್ಟೆಯ ಅಟ್ಟೆ ಹಿಡಿದಂತೆ ಮತ್ತಾವುದೂ ಹಿಡಿಯದೆಂದು ಮೀನು ಹಿಡಿಯುವವರು ತಲೆಮಾರುಗಳಿಂದ ನಂಬಿದ್ದರು. 2004ರ ಅಕ್ಟೋಬರಿನಲ್ಲಿ ಕೆಳಪಾತ್ರದ ವೈಯೌ ನದಿಯಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿತು. ಉತ್ತರ ಗೋಳಾರ್ಧದ ಈ ಜೀವಿ ದಕ್ಷಿಣ ಗೋಳಾರ್ಧದಲ್ಲಿ ಪತ್ತೆಯಾದದ್ದು ಅದೇ ಮೊದಲು. ಒಂದೊಂದು ಜೀವಕೋಶವೂ ಕಣ್ಣಿಗೆ ಕಾಣದಷ್ಟು ಸಣ್ಣದು; ಅವೆಲ್ಲ ಸೇರಿ ಬೆಳೆದಾಗ ನದಿಯ ತಳವನ್ನೇ ಕಂದು ಹೊದಿಕೆಯಾಗಿ ಮುಚ್ಚುತ್ತವೆ. ಜನ ಇದನ್ನು ‘ಬಂಡೆಯ ಸಿಂಬಳ’ ಎಂದು ಕರೆದರು. ಮುಟ್ಟಿದರೆ ಮಾತ್ರ ಅದು ಲೋಳೆಯಲ್ಲ, ನೆನೆದ ಹತ್ತಿ. ಅಣೆಕಟ್ಟಿನಿಂದ ಹದಗೊಂಡ ಏರಿಳಿತವಿಲ್ಲದ ಹರಿವು ಅದಕ್ಕೆ ಬಲು ಒಗ್ಗುತ್ತದೆ. ನಮ್ಮ ಕೆರೆಗಳನ್ನು ಅಂತರಗಂಗೆ ಮುಚ್ಚುವುದನ್ನು ಕಂಡವರಿಗೆ ಆ ದೃಶ್ಯ ಊಹಿಸಲು ಕಷ್ಟವಾಗದು, ಒಂದೇ ವ್ಯತ್ಯಾಸ: ಅಂತರಗಂಗೆ ಬರುವುದು ಕಾಣುತ್ತದೆ. ಇದು ಒದ್ದೆಯಾದ ಬಟ್ಟೆಯ ಎಳೆಗಳ ನಡುವೆ ಕುಳಿತು ಒಂದು ನದಿಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಪ್ರಯಾಣ ಮಾಡುತ್ತದೆ.

2005ರ ಡಿಸೆಂಬರಿನಲ್ಲಿ ಇಡೀ ದಕ್ಷಿಣ ದ್ವೀಪವನ್ನೇ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. 1993ರ ಜೈವಿಕ ಸುರಕ್ಷತಾ ಕಾಯಿದೆಯ ಪ್ರಕಾರ, ತಿಳಿದೂ ಇಂಥ ಜೀವಿಯನ್ನು ಹರಡಿದವನಿಗೆ 5 ವರ್ಷಗಳವರೆಗೆ ಸೆರೆವಾಸ, 1,00,000 ಡಾಲರುಗಳವರೆಗೆ ದಂಡ ವಿಧಿಸಬಹುದು. ಆದರೆ ‘ತಿಳಿದೂ’ ಎಂಬ ಆ ಒಂದು ಪದದಲ್ಲೇ ಎಷ್ಟು ಮೊಕದ್ದಮೆಗಳು ಮುಳುಗಬಹುದೆಂಬುದನ್ನು ನ್ಯಾಯಾಲಯ ಕಂಡವರು ಬಲ್ಲರು. ಕಣ್ಣಿಗೆ ಕಾಣದ ಕೋಶವನ್ನು ಯಾರ ಕಾಲು ತಂದಿತೆಂದು ಯಾವ ಸಾಕ್ಷಿ ನುಡಿಯಬೇಕು? ಕೊನೆಗೆ ಕಾನೂನು ಕಾಲನ್ನು ಬಿಟ್ಟು ಅಟ್ಟೆಯನ್ನು ಹಿಡಿಯಿತು. 2008ರ ಅಕ್ಟೋಬರ್ 1ರಿಂದ ಫೆಲ್ಟ್ ಅಟ್ಟೆ ತೊಟ್ಟು ಮೀನು ಹಿಡಿಯುವುದನ್ನು ನಿಷೇಧಿಸಲಾಯಿತು. ಜಗತ್ತಿನಲ್ಲಿ ಹೀಗೆ ಮಾಡಿದ ಮೊದಲ ದೇಶ ನ್ಯೂಜಿಲೆಂಡ್. ಕಾಲಿನ ಹಿಡಿತ ಕಡಿಮೆಯಾದ ವೃದ್ಧರಿಗೆ ಇದು ಅನ್ಯಾಯವೆಂಬ ವಾದ ಹುರುಳಿಲ್ಲದ್ದಲ್ಲ. ಲೋಹದ ಮೊಳೆ ಹೊಡೆದ ರಬ್ಬರ್ ಅಟ್ಟೆ ಮತ್ತು ಕೈಯಲ್ಲೊಂದು ಊರುಗೋಲು ಅವರಿಗೆ ಉಳಿದ ದಾರಿ. ಮನುಷ್ಯ ಕೋಲು ಹಿಡಿಯಬಲ್ಲ, ನದಿ ಹಿಡಿಯಲಾರದು ಎಂಬ ಕಾರಣಕ್ಕೆ ನಿಷೇಧವೇ ಸರಿಯೆನ್ನಬೇಕು.

ನಿಯೋಪ್ರೀನ್ ಈ ನಿಷೇಧದಿಂದ ಪಾರಾಯಿತು, ಆರೋಪದಿಂದ ಪಾರಾಗಲಿಲ್ಲ. ಅದರ ನೊರೆ ನೀರು ಹೀರದಿದ್ದರೂ ಅದಕ್ಕೆ ಎರಡೂ ಬದಿ ಅಂಟಿಸಿದ ಬಟ್ಟೆ ಹೀರುತ್ತದೆ, ಮತ್ತು ಬಲು ನಿಧಾನವಾಗಿ ಒಣಗುತ್ತದೆ. ಹೀಗಾಗಿ ಈ ದ್ವೀಪದಲ್ಲಿ ಬಾಳಿಕೆ, ಹಿತಗಳ ಜೊತೆಗೆ ಮೂರನೆಯ ಪರೀಕ್ಷೆಯೊಂದಿದೆ: ಅದು ಎಷ್ಟು ಬೇಗ, ಎಷ್ಟು ಪೂರ್ತಿಯಾಗಿ ಒಣಗೀತು? ಒಳಮೈ ಹೊರಕ್ಕೆ ತಿರುವಲು ಬರುವ, ಬೂಟು ಬೇರೆಯಾಗಿರುವ ಕಾಲುಚೀಲದ ಮಾದರಿ ಇಲ್ಲಿ ಗೆಲ್ಲುತ್ತದೆ. ಬೂಟನ್ನು ಸೇರಿಸಿಯೇ ಹೊಲಿದ ಮಾದರಿಯ ಬೆರಳ ತುದಿಯಲ್ಲಿ ತೇವ ದಿನಗಟ್ಟಲೆ ಅಡಗಿರುತ್ತದೆ. ನಿಯಮ ಹೇಳುವುದು ಇಷ್ಟು: ಅಂಟಿದ ಪಾಚಿಯನ್ನು ನದಿಯ ಬಳಿಯೇ ತೆಗೆದುಹಾಕಬೇಕು, ನೂರಕ್ಕೆ 5 ಭಾಗ ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ನೀರಿನಲ್ಲಿ ಒಂದು ನಿಮಿಷ, ನೀರು ಹೀರುವ ವಸ್ತುವಾದರೆ ಇನ್ನೂ ಹೆಚ್ಚು ಹೊತ್ತು ನೆನೆಸಬೇಕು, ಒಣಗಿಸುವುದಾದರೆ, ಮುಟ್ಟಿದಾಗ ಒಳಗೂ ಹೊರಗೂ ಒಣಗಿದೆ ಎನಿಸಿದ ಮೇಲೆ ಮತ್ತೆ 48 ಗಂಟೆ ಕಾಯಬೇಕು. ಬಿಸಿಲಿನಲ್ಲಿ ಹರವಿದರೆ ರಬ್ಬರು ಬಿರುಕು ಬಿಡುವುದರಿಂದ, ನೆರಳಿನಲ್ಲಿ ಪಾದ ಮೇಲಾಗಿ ನೇತುಹಾಕಬೇಕು.

ಸೆಪ್ಟೆಂಬರ್ ಬಂದರೆ ವೈಯೌ ಕಡಲು ಸೇರುವಲ್ಲಿ ‘ವೈಟ್‌ಬೇಟ್’ ಎಂಬ, ಬೆರಳುದ್ದದ ಪಾರದರ್ಶಕ ಮರಿಮೀನಿಗಾಗಿ ಬಲೆ ಹಿಡಿದು ಕಾಯುವ ಕಾಲ; ಟ್ರೌಟ್ ಬರುವುದಕ್ಕೂ ಮೊದಲಿನಿಂದ ಈ ನಾಡಿನ ಜನ ಹಿಡಿದು ತಿಂದ ಮೀನಿದು. ನಡೆಯುವುದು ಕಡಿಮೆ, ನಿಲ್ಲುವುದು ಹೆಚ್ಚು, ಮೇಲೆ ದಕ್ಷಿಣದ ಗಾಳಿ. ದಪ್ಪ ನಿಯೋಪ್ರೀನ್ ತೊಟ್ಟದ್ದಕ್ಕೆ ಸಾರ್ಥಕವೆನಿಸುವುದು ಅಲ್ಲಿ. ಅದೇ ವಾರ ಮತ್ತೊಂದು ನದಿಗೂ ಇಳಿಯಬೇಕೆನ್ನುವವರು ಇನ್ನೊಂದು ಜೊತೆಯನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯದು ಒಣಗುವಷ್ಟು ಬಿಸಿಲನ್ನು ಸೌತ್‌ಲ್ಯಾಂಡಿನ ಆಕಾಶ ಕೊಟ್ಟೀತೆಂಬ ಭರವಸೆಯಿಲ್ಲ.