ಪಟ್ಟಣದ ಬಿಡಾರ

ಹುಮನಾಬಾದಿನಲ್ಲಿ ಯಾರಾದರೂ 'ಪಟ್ಟಣಕ್ಕೆ ಹೋಗಿಬರುತ್ತೇವೆ' ಎಂದರೆ ಯಾವ ಪಟ್ಟಣಕ್ಕೆಂದು ಕೇಳುವ ಪ್ರಸಂಗವೇ ಬರುವುದಿಲ್ಲ. ರಾಜಧಾನಿಯಾದ ಬೆಂಗಳೂರು ಆರುನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿದೆ. ಹೈದರಾಬಾದಾದರೋ ಹೆದ್ದಾರಿ ಹಿಡಿದು ಮೂಡಣಕ್ಕೆ ಹೊರಟರೆ ಸುಮಾರು 160 ಕಿಲೋಮೀಟರು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆ, 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಸರಿಯಿತು, ಜನರ ಕಾಲು ಮಾತ್ರ ಹಳೆಯ ದಾರಿಯನ್ನೇ ತುಳಿಯುತ್ತಲಿದೆ. ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಹುಡುಗರ ಪರೀಕ್ಷೆ, ವಿಮಾನ ಎಲ್ಲಕ್ಕೂ ಹೈದರಾಬಾದೇ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೂ ನಸುಕಿನ ಬಸ್ಸಿಗೆ ಕಾಯುವವರು ಕಡಿಮೆಯಾಗಿಲ್ಲ.

ಹೋಗಿಬರುವುದು ಸುಲಭ, ಅಲ್ಲಿ ತಂಗುವುದು ಎಲ್ಲಿ ಎಂಬುದೇ ತೊಡಕಿನ ಮಾತು. ಈ ಕಡೆಯ ಜನರ ಬಾಯಲ್ಲಿ 'ಹೋಟೆಲು' ಎಂದರೆ ಸುಸಲಾ, ಭಜಿ, ಚಹಾ ದೊರೆಯುವ ಸ್ಥಳ. ಹಣ ಕೊಟ್ಟು ರಾತ್ರಿ ಮಲಗುವ ಜಾಗಕ್ಕೆ ಅವರು 'ಲಾಡ್ಜು' ಎನ್ನುತ್ತಾರೆ. ಆ ಶಬ್ದವನ್ನು ಉಚ್ಚರಿಸುವಾಗ ಹಿರಿಯರ ಮೋರೆ ಸ್ವಲ್ಪ ಕಹಿಯಾಗುತ್ತದೆ. ಇದಕ್ಕೆ ಕಾರಣವಿಲ್ಲದಿಲ್ಲ. ಒಂದು ತಾಸಿನ ದಾರಿಯೊಳಗಿರುವ ಬಸವಕಲ್ಯಾಣವು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಮಹಾಮನೆ ಇದ್ದ ಊರು. ಬಂದವನ ಕುಲ ಕೇಳದೆ ಎಡೆ ಹಾಕಿದ ಆ ದಾಸೋಹದ ಕಥೆಯನ್ನು ಕೇಳದೆ ಇಲ್ಲಿ ಯಾವ ಮಗುವೂ ಬೆಳೆಯುವುದಿಲ್ಲ. ಊರಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ದತ್ತಜಯಂತಿಯ ಕಾಲಕ್ಕೆ ಸಾವಿರಾರು ಜನ ಉಂಡು, ಹಾಡು ಕೇಳಿ, ಅಲ್ಲಿಯೇ ಮಲಗಿ ಏಳುತ್ತಾರೆ. ಅತಿಥಿಯಿಂದ ದುಡ್ಡು ಪಡೆಯುವುದನ್ನು ಕಂಡರಿಯದ ಕಣ್ಣಿಗೆ ಹಾಸಿಗೆಗೆ ಬಾಡಿಗೆ ಕೇಳುವವನು ವಿಚಿತ್ರ ಪ್ರಾಣಿಯಾಗಿ ತೋರಿದರೆ ಆಶ್ಚರ್ಯವೇನು?

ದಸರೆಯ ರಜೆಯಲ್ಲಿ ಹುಮನಾಬಾದಿನ ಗೃಹಸ್ಥರೊಬ್ಬರ ಮನೆಯಲ್ಲಿ ಈ ವಿಷಯವಾಗಿ ಮೂರು ದಿನ ಚರ್ಚೆ ನಡೆಯಿತು. ಹೊರಡುವವರು ಐದು ಜನ: ಗಂಡ, ಹೆಂಡತಿ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ, ಗೃಹಸ್ಥರ ತಾಯಿ. ಮಕ್ಕಳು ಅವರನ್ನು 'ಆಯಿ' ಎಂದು ಕರೆಯುತ್ತಿದ್ದುದರಿಂದ ಇಡೀ ಓಣಿಗೆ ಅವರು ಆಯಿಯೇ. ಆಯಿಯ ಅಣ್ಣನ ಮಗ ಕಾಚಿಗೂಡದಲ್ಲಿ ಸಂಸಾರ ಹೂಡಿದ್ದಾನೆ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವ ಬಡಾವಣೆ. ಹೈದರಾಬಾದಿನ ಕನ್ನಡಿಗರಿಗೆ ಅದು ಅರ್ಧ ತವರು. ಹೀಗಿರುವಾಗ ಸೊಸೆ ಲಾಡ್ಜಿನ ಮಾತೆತ್ತಿದ್ದು ಆಯಿಗೆ ಅಪಶಕುನದಂತೆ ಕೇಳಿಸಿತು.

“ನಮ್ಮೋರ ಮನಿ ಇರೂ ಮುಂದ ರೊಕ್ಕಾ ಕೊಟ್ಟು ಮಂದಿ ಹಾಸಗ್ಯಾಗ ಯಾಕ ಮಲಗಬೇಕೋ?” ಎಂದು ಅವರು ಮಗನನ್ನು ಕೇಳಿದರು. ಸೊಸೆಯನ್ನು ಕೇಳಲಿಲ್ಲ. ಸೊಸೆಗೆ ಹೇಳಬೇಕಾದುದನ್ನು ಮಗನಿಗೆ ಹೇಳುವುದು ಆ ಮನೆಯ ಪದ್ಧತಿ.

ಗೃಹಸ್ಥರ ಒಲವೂ ತಾಯಿಯ ಕಡೆಗೇ. ಅವರ ದೃಷ್ಟಿಯಲ್ಲಿ ಇದು ಶುದ್ಧ ಲೆಕ್ಕಾಚಾರ. ಎರಡು ರಾತ್ರಿಯ ಬಾಡಿಗೆಯ ಹಣದಲ್ಲಿ ಮಕ್ಕಳಿಬ್ಬರಿಗೂ ಬೂಟು ಬರುತ್ತದೆ. ಗೃಹಿಣಿ ವಾದಿಸಲಿಲ್ಲ, ಲಾಡ್ಜು ಇಲ್ಲದಿದ್ದರೆ ಪ್ರಯಾಣವೇ ಬೇಡ ಎಂದಷ್ಟೇ ಹೇಳಿ ರೊಟ್ಟಿ ಬಡಿಯುವುದಕ್ಕೆ ಕುಳಿತಳು.

ಇದರ ಗುಟ್ಟು ಹುಡುಗನಲ್ಲಿತ್ತು. ಏಳು ತುಂಬಿದರೂ ಅವನು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ವೈದ್ಯರನ್ನು ಕೇಳಿದರೆ ಇದು ಹೆದರುವ ವಿಷಯವಲ್ಲ. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಹೀಗಾಗುತ್ತದೆ, ಹುಡುಗರಲ್ಲಿ ಹೆಚ್ಚು, ಬಹುಮಟ್ಟಿಗೆ ವಯಸ್ಸಿನೊಡನೆ ತಾನಾಗಿ ನಿಲ್ಲುತ್ತದೆ, ಗದರಿಸಿ ಹೊಡೆದು ಫಲವಿಲ್ಲ ಎನ್ನುತ್ತಾರೆ. ಆದರೆ ಬಂಧುವರ್ಗ ವೈದ್ಯಶಾಸ್ತ್ರವನ್ನು ಓದಿರುವುದಿಲ್ಲ. ಹಿಂದಿನ ಬೇಸಗೆಯಲ್ಲಿ ಬಸವಕಲ್ಯಾಣದ ಒಂದು ಮದುವೆಮನೆಯಲ್ಲಿ, ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಒಣಹಾಕಿದ ಒಂದು ಗಾದಿಯ ಮುಂದೆ ನಿಂತು ಹಿರಿಯ ಹೆಂಗಸೊಬ್ಬರು ಹಾಸ್ಯವಾಡಿದ್ದರು. ಅಲ್ಲಿದ್ದ ಮಕ್ಕಳೆಲ್ಲ ನಕ್ಕವು. ಹುಡುಗನೂ ಅವರ ಜೊತೆಗೆ ನಕ್ಕ. ಅಂದಿನಿಂದ ಮಾತ್ರ ಯಾರ ಮನೆಗಾದರೂ ಹೊರಡಬೇಕೆಂದರೆ ಅವನಿಗೆ ಹೊಟ್ಟೆನೋವು ಬರತೊಡಗಿತು. ಹೈದರಾಬಾದಿನ ಮಾತು ಬಂದಾಗಲೂ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರದ ಬಗ್ಗೆ ಅಕ್ಕ ವರ್ಣಿಸುತ್ತಿದ್ದರೆ, ಅವನು ಕೇಳಿದ್ದು ಒಂದೇ ಪ್ರಶ್ನೆ: “ಮಲಗೂದು ಎಲ್ಲಿ?”

ತಂದೆಗೆ ಇದೆಲ್ಲವೂ ಗೊತ್ತಿತ್ತು. ಗೊತ್ತಿದ್ದುದನ್ನು ಪ್ರಯಾಣದ ಲೆಕ್ಕಕ್ಕೆ ಸೇರಿಸಿರಲಿಲ್ಲ ಅಷ್ಟೆ. ಹೆಂಡತಿ ಟ್ರಂಕಿನಿಂದ ಹಳೆಯ ರಬ್ಬರಿನ ಹಾಳೆಯನ್ನು ತೆಗೆದು ಮಡಿಸುತ್ತಿರುವುದನ್ನು ಕಂಡಾಗ ಅವರು ಬೂಟಿನ ಮಾತನ್ನು ಬಿಟ್ಟುಬಿಟ್ಟರು.

ಶನಿವಾರ ಹೊರಡುವುದೆಂದು ನಿಶ್ಚಯವಾಯಿತು. ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನೆಹರೂ ಪ್ರಾಣಿಸಂಗ್ರಹಾಲಯಕ್ಕೆ ಸೋಮವಾರ ರಜೆ. ಇದನ್ನು ಗಮನಿಸದೆ ಹೋಗಿ ಮುಚ್ಚಿದ ಬಾಗಿಲನ್ನು ಮಕ್ಕಳಿಗೆ ತೋರಿಸಿ ಬರುವ ತಂದೆತಾಯಿಗಳು ಪ್ರತಿವರ್ಷವೂ ಇದ್ದೇ ಇರುತ್ತಾರೆ. ಮೂಸಿ ನದಿಯ ನಡುವೆ ಇರುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಹನ್ನೊಂದಾಗಿರಲಿಲ್ಲ. ಆಯಿಯನ್ನೂ ಮಕ್ಕಳನ್ನೂ ಸಾಮಾನಿನೊಡನೆ ಬೆಂಚಿನ ಮೇಲೆ ಕೂರಿಸಿ ಗಂಡಹೆಂಡಿರು ಬಿಡಾರ ಹುಡುಕಲು ಹೊರಟರು.

ಕೋಣೆ ನೋಡುವುದಕ್ಕೆ ಗಂಡಸೊಬ್ಬನೇ ಹೋದರೆ ಅವನು ನೋಡುವುದು ಮೂರನ್ನೇ: ಬಾಡಿಗೆ, ಮಂಚ, ಪಂಖಾ. ಪಂಖಾ ತಿರುಗಿದರೆ ಮುಂಗಡ ಕೊಟ್ಟುಬಿಡುತ್ತಾನೆ. ಗೃಹಿಣಿಯ ಪರೀಕ್ಷೆ ಬೇರೆ ಬಗೆಯದು. ಅಫ್ಜಲ್‌ಗಂಜಿನ ಬಳಿಯ ಮೊದಲ ಲಾಡ್ಜಿನಲ್ಲಿ ಬಾಡಿಗೆ ಬಹಳ ಅಗ್ಗ. ಕೋಣೆ ಮೂರನೆಯ ಅಂತಸ್ತಿನಲ್ಲಿ. ಆಕೆ ನೇರವಾಗಿ ಕಿಟಕಿಯ ಬಳಿಗೆ ಹೋಗಿ ಬಾಗಿಲು ತೆರೆದಳು: ಸರಳುಗಳಿಲ್ಲ; ಕಿಟಕಿಗೆ ಒತ್ತಿ ಮಂಚ ಹಾಕಿದೆ. ಮಂಚದ ಮೇಲೆ ಕುಣಿಯದ ಮಗು ಲೋಕದಲ್ಲಿ ಇನ್ನೂ ಹುಟ್ಟಿಲ್ಲವಷ್ಟೆ. ಬಚ್ಚಲಿನ ಚಿಲಕ ಒಳಗಿನಿಂದ ಹಾಕಿಕೊಂಡರೆ ಹೊರಗಿನಿಂದ ತೆಗೆಯುವ ಉಪಾಯವಿರಲಿಲ್ಲ. ಓಣಿಯಂತಿದ್ದ ಪಡಸಾಲೆಯಲ್ಲಿ ಹಾಡುಹಗಲೇ ಸೆರೆಯ ನಾತ. ಆಕೆ ಮಾತನಾಡದೆ ಮೆಟ್ಟಿಲಿಳಿದಳು. ಗುಮಾಸ್ತ ನೂರು ರೂಪಾಯಿ ಕಡಿಮೆ ಮಾಡುವೆನೆಂದು ಹಿಂದಿನಿಂದ ಕೂಗುತ್ತಿದ್ದ.

ಎರಡನೆಯದು ಲಕ್ಡೀಕಾಪೂಲಿನಲ್ಲಿ. ಅಲ್ಲಿಗೆ ಮೆಟ್ರೊ ರೈಲಿನಲ್ಲಿ ಹೋದರು. ಕೆಳಗೆ ಗಾಜಿನ ಮೇಜು, ಮೀನಿನ ತೊಟ್ಟಿ, ಕೊರಳಿಗೆ ಟೈ ಕಟ್ಟಿದ ತರುಣ. ಕೋಣೆಗೆ ತಂಪುಯಂತ್ರವಿತ್ತು, ಕಿಟಕಿ ಇರಲಿಲ್ಲ. ನೆಲಕ್ಕೆಲ್ಲ ರತ್ನಗಂಬಳಿ. ಗೃಹಸ್ಥರು ಮನಸೋತರು, ಗೃಹಿಣಿ ಆ ರತ್ನಗಂಬಳಿಯನ್ನೇ ದಿಟ್ಟಿಸುತ್ತ ನಿಂತಳು. ಒದ್ದೆಯಾದುದನ್ನು ಒಗೆಯಲಾಗದ, ಒಣಗಿಸಲು ಗಾಳಿಯಿಲ್ಲದ ಕೋಣೆಯಲ್ಲಿ ಬೆಳಗ್ಗೆ ಏನು ಮಾಡುವುದು? ಮಗುವಿಗಾಗಿ ಬೇರೆ ಹಾಸಿಗೆ ಬೇಕೆಂದರೆ ಅದಕ್ಕೆ ಬೇರೆ ದರ. ಮಧ್ಯಾಹ್ನ ಎರಡಕ್ಕೆ ಒಳಗೆ ಬಂದರೂ ಮರುದಿನ ಹನ್ನೆರಡಕ್ಕೆ ದಿನ ಮುಗಿಯುತ್ತದೆ; ಆ ಊರಿನ ದಿನಕ್ಕೆ ಇಪ್ಪತ್ತೆರಡೇ ತಾಸು. ಮೇಲೆ ಸರಕಾರದ ತೆರಿಗೆ. ಸಾವಿರ ರೂಪಾಯಿಯೊಳಗಿನ ಕೋಣೆಗಳಿಗಿದ್ದ ವಿನಾಯಿತಿಯೂ 2022ರ ಜುಲೈ 18ರಿಂದ ಹೋಯಿತು. ಬಡವನ ಕೋಣೆಗೆ ಬಿದ್ದ ನೂರಕ್ಕೆ ಹನ್ನೆರಡರ ಆ ಕಂದಾಯ 2025ರ ಸೆಪ್ಟೆಂಬರಿನಲ್ಲಿ ಐದಕ್ಕೆ ಇಳಿದದ್ದೇ ಸಮಾಧಾನ.

ಮೂರನೆಯ ಲಾಡ್ಜು ನಾಂಪಳ್ಳಿಯ ನಿಲ್ದಾಣಕ್ಕೆ ಹತ್ತಿರದ ಒಂದು ಗಲ್ಲಿಯಲ್ಲಿತ್ತು. ಕೆಳಗೆ ಶಾಕಾಹಾರದ ಹೋಟೆಲು. ರಾತ್ರಿ ಹತ್ತಕ್ಕೂ ಹಾಲು ದೊರೆಯುತ್ತದೆಯೆಂದು ಹಲಗೆ ಹೇಳುತ್ತಿತ್ತು. ಕಟ್ಟಡ ಹಳೆಯದು, ಲಿಫ್ಟಿಲ್ಲ. ಕೋಣೆ ಎರಡನೆಯ ಅಂತಸ್ತು. ಕಿಟಕಿಗೆ ಹೆಬ್ಬೆರಳು ಗಾತ್ರದ ಸರಳು. ನೆಲ ಬರಿಯ ಶಹಾಬಾದಿನ ಕಲ್ಲು. ಅದನ್ನು ಕಂಡು ಆಕೆಯ ಮುಖದಲ್ಲಿ ತವರಿನವರನ್ನು ಕಂಡ ಕಳೆ ಮೂಡಿತು. ಬಚ್ಚಲು ಕೋಣೆಯೊಳಗೇ ಇತ್ತು, ಎರಡು ಬಕೆಟ್ಟುಗಳಿದ್ದವು, ನಲ್ಲಿಯಲ್ಲಿ ನೀರೂ ಇತ್ತು. ಮಕ್ಕಳಿದ್ದವರು ಬಚ್ಚಲನ್ನು ನೋಡದೆ ಕೋಣೆ ಹಿಡಿಯಬಾರದು. ನಲ್ಲಿಯನ್ನು ತಿರುಗಿಸಿಯೇ ನೋಡಬೇಕು, ಬಿಸಿನೀರಿನ ಗುಂಡಿ ಮಗುವಿನ ಕೈಗೆ ಎಟುಕುತ್ತದೆಯೋ ಎಂದೂ ನೋಡಬೇಕು.

ಮ್ಯಾನೇಜರು ಬಿಳಿಗಡ್ಡದ ವೃದ್ಧರು. ದಖನಿ ಉರ್ದುವಿನಲ್ಲಿ ಮಾತು. ಹುಮನಾಬಾದಿನವರಿಗೆ ಅದೇನೂ ಪರಭಾಷೆಯಲ್ಲ. ಬಾಡಿಗೆಯ ಚೌಕಾಸಿ ಗಂಡನದಾಯಿತು. ಎಲ್ಲ ಮುಗಿದ ಮೇಲೆ ಗೃಹಿಣಿ ಒಂದೇ ಒಂದನ್ನು ಕೇಳಿದಳು: ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹಗ್ಗವಿದೆಯೇ?

ವೃದ್ಧರು ಕನ್ನಡಕವನ್ನು ಹಣೆಗೇರಿಸಿ ಆಕೆಯನ್ನು ನೋಡಿದರು. ಮಕ್ಕಳೆಷ್ಟೆಂದು ಕೇಳಿದರು. ಇಬ್ಬರೆಂದೂ ಚಿಕ್ಕವನಿಗೆ ಏಳೆಂದೂ ತಿಳಿದ ಮೇಲೆ ಮತ್ತೇನನ್ನೂ ಕೇಳದೆ ಗೂಟದಿಂದ ಒಂದು ಬೀಗದ ಕೈಯನ್ನು ತೆಗೆದುಕೊಟ್ಟರು. ಮಾಳಿಗೆಯ ಬಾಗಿಲನ್ನು ಬೀಗ ಹಾಕಿಯೇ ಇಡುತ್ತಾರಂತೆ. ಬೆಳಗ್ಗೆ ಐದಕ್ಕೇ ಬೇಕಾದರೂ ಯಾರನ್ನೂ ಎಬ್ಬಿಸದೆ ತೆರೆದುಕೊಳ್ಳಬಹುದೆಂದರು. ಐದು ನಕ್ಷತ್ರದ ಮಂದಿರಗಳಲ್ಲಿ ಮಕ್ಕಳ ಈಜುಕೊಳವಿರುತ್ತದೆ, ಆಟದ ಕೋಣೆಯಿರುತ್ತದೆ ಎಂದು ಕೇಳುತ್ತೇವೆ. ಇರಲಿ, ಬೇಡವೆನ್ನುವವರಾರು? ಆ ಬೀಗದ ಕೈಯನ್ನು ಕೇಳದೆಯೇ ಕೊಡುವ ಮನುಷ್ಯ ಎಷ್ಟು ಕಡೆ ಇದ್ದಾನೆ ಎಂಬುದನ್ನು ಯಾವ ನಕ್ಷತ್ರವೂ ತಿಳಿಸುವುದಿಲ್ಲ.

ಸಂಜೆ ಚಾರ್ಮಿನಾರನ್ನು ನೋಡಿ ಬಂದರು. 1591ರಲ್ಲಿ ಕಟ್ಟಿದ್ದೆಂದು ತಂದೆ ಹೇಳುತ್ತಿದ್ದಾಗ ಮಕ್ಕಳ ಕಣ್ಣೆಲ್ಲ ಬಳೆಯಂಗಡಿಯ ದೀಪಗಳ ಮೇಲೆ. ರಾತ್ರಿ ಹುಡುಗ ಹಾಲನ್ನು ಮುಟ್ಟಲಿಲ್ಲ, ನೀರನ್ನೂ ಕುಡಿಯಲಿಲ್ಲ. ಬಾಯಾರಿಕೆಯಿಂದಲೇ ಮಲಗಿದ. ತಾಯಿ ಲಾಡ್ಜಿನ ಹಾಸಿಗೆಯ ಮೇಲೆ ರಬ್ಬರಿನ ಹಾಳೆಯನ್ನೂ ಅದರ ಮೇಲೆ ಮನೆಯಿಂದ ತಂದ ದುಪ್ಪಟಿಯನ್ನೂ ಹಾಸಿದ್ದಳು.

ಬೆಳಗ್ಗೆ ಐದೂವರೆಗೆ ದುಪ್ಪಟಿ ಒದ್ದೆಯಾಗಿತ್ತು. ತಾಯಿ ಮಗ ಇಬ್ಬರೇ ಎದ್ದರು. ಹಿಂಡಿದ ಬಟ್ಟೆಯ ಬಕೆಟ್ಟನ್ನು ಹಿಡಿದು, ಬೀಗ ತೆರೆದು ಮಾಳಿಗೆಗೆ ಹೋದರು. ಹಗ್ಗಕ್ಕೆ ಹಾಕುವಾಗ ದುಪ್ಪಟಿಯ ಒಂದು ತುದಿಯನ್ನು ಅವನೇ ಹಿಡಿದಿದ್ದ. ಅಷ್ಟರಲ್ಲಿ ಎದುರಿನ ಕಂಬಗಳ ಮೇಲೆ ಬೆಳಗಿನ ಮೊದಲ ಮೆಟ್ರೊ ಗಾಡಿ ಹಾಯ್ದುಹೋಯಿತು. ಹುಡುಗ ಡಬ್ಬಿಗಳನ್ನು ಎಣಿಸಿದ: ಮೂರು. ಮುಂದಿನದಕ್ಕೂ ಮೂರೇ ಇವೆಯೇ ನೋಡಬೇಕೆಂದು ಅಲ್ಲಿಯೇ ನಿಂತ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಗೋಡೆ ಹಿಡಿದು ಆಯಿ ಮೇಲೆ ಬಂದಿದ್ದರು. ದುಪ್ಪಟಿಯನ್ನು ನೋಡಿದರು, ಸೊಸೆಯನ್ನು ನೋಡಿದರು. “ಬಿಸಿಲು ಕಾಸ್ಲಿಕ್ಕ ಬಂದೀನಿ, ನೀ ಕೆಳಗ ನಡಿ, ಜಳಕಾ ಮಾಡು” ಎಂದು ಹಗ್ಗದ ಪಕ್ಕದಲ್ಲಿ ಕುಳಿತುಬಿಟ್ಟರು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಅಂದು ಅವರು ಮಗನ ಮುಖಾಂತರ ಹೇಳದೆ ಸೊಸೆಗೆ ನೇರವಾಗಿ ಹೇಳಿದ ಮಾತು ಅದು.

ಹನ್ನೊಂದಕ್ಕೆ ಮುಂಚೆ ಸಾಲಾರ್ ಜಂಗ್ ಸಂಗ್ರಹಾಲಯ. 1951ರಲ್ಲಿ ಸಾಲಾರ್ ಜಂಗರ ದೇವಡಿಯಲ್ಲಿ ಆರಂಭವಾಗಿ 1968ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಈ ಸಂಗ್ರಹದಲ್ಲಿ ದೊಡ್ಡವರು ಮೆಚ್ಚುವ ಶಿಲ್ಪಗಳೂ ಹಸ್ತಪ್ರತಿಗಳೂ ಬೇಕಾದಷ್ಟಿವೆ. ಮಕ್ಕಳಿಗೆ ಮಾತ್ರ ಕಲ್ಕತ್ತದ ಕುಕ್ ಅಂಡ್ ಕೆಲ್ವಿಯವರ ಗಡಿಯಾರವೊಂದೇ ಸಾಕು. ಗಂಟೆಗೊಮ್ಮೆ ಗಡ್ಡದ ಪುಟ್ಟ ಮನುಷ್ಯನೊಬ್ಬ ಬಾಗಿಲು ತೆರೆದು ಬಂದು ಜಾಗಟೆ ಬಾರಿಸಿ ಒಳಗೆ ಹೋಗುತ್ತಾನೆ. ಹುಡುಗನಿಗೆ ಹನ್ನೊಂದರ ಹೊಡೆತ ಸಾಲದೆ ಹನ್ನೆರಡಕ್ಕೂ ಕಾಯಬೇಕಾಯಿತು. ಹನ್ನೊಂದಕ್ಕಿಂತ ಒಂದು ಪೆಟ್ಟು ಹೆಚ್ಚು ಎಂಬುದು ಅವನ ವಾದ; ಅದನ್ನು ಅಲ್ಲಗಳೆಯಲಾಗಲಿಲ್ಲ.

ಮಧ್ಯಾಹ್ನದ ಊಟ ಕಾಚಿಗೂಡದಲ್ಲಿ. ಮೂರನೆಯ ಅಂತಸ್ತಿನ ಮನೆ. ಆಯಿ ನಡುನಡುವೆ ನಿಂತು ನಿಂತು ಹತ್ತಿದರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಅಣ್ಣನ ಸೊಸೆ ತುಪ್ಪ ಬಡಿಸುತ್ತ ಮನಸ್ಸಿನಲ್ಲಿದ್ದುದನ್ನು ಆಡಿಯೇಬಿಟ್ಟಳು.

“ಅಲ್ರೀ ಅತ್ತೀ, ನಮ್ಮ ಮನಿ ಇರೂ ಮುಂದ ಲಾಡ್ಜಿನಾಗ ಇಳದೀರಿ! ನಾವೇನ ತಪ್ಪು ಮಾಡೀವ್ರಿ?”

ಗಂಡಹೆಂಡಿರು ತಟ್ಟೆಯ ಕಡೆಗೆ ಬಾಗಿದರು. ಹುಡುಗನ ಕೈ ನಿಂತಿತು.

“ಅವರದೇನ ತಪ್ಪವ್ವಾ, ಅವರು ಇಲ್ಲೇ ಬರತೀನಿ ಅಂದಿದ್ರು,” ಎಂದರು ಆಯಿ. “ನನ್ನ ಮೊಣಕಾಲು ಮಾಡಿದ್ದು ಇದು. ದಿನಾ ಮೂರು ಮಾಳಗಿ ಹತ್ತಿ ಇಳಿಯೂದು ನನ್ನ ಕೈಲೆ ಆಗಂಗಿಲ್ಲ. ಆ ಲಾಡ್ಜಿನಾಗ ಲಿಫ್ಟ್ ಅದ.”

ಹುಡುಗ ತಲೆಯೆತ್ತಿದ. ಲಿಫ್ಟು ಎಲ್ಲಿದೆ ಎಂದು ಕೇಳುವುದಕ್ಕೆ ಅವನು ಬಾಯಿ ತೆರೆಯುವಷ್ಟರಲ್ಲಿ ಆಯಿ ತಮ್ಮ ತಟ್ಟೆಯ ಹೋಳಿಗೆಯ ತುಂಡೊಂದನ್ನು ತುಪ್ಪದಲ್ಲಿ ಅದ್ದಿ ಅವನ ಬಾಯಿಗೆ ಇಟ್ಟರು.