ಕೈಲ್ ಪೊಳ್ದ್ ದಿನ ಗುಂಡು ಹಾರಿಸದ ರಿವಾಲ್ವರ್

ಸೆಪ್ಟೆಂಬರ್ ಮೊದಲ ವಾರ ವಿರಾಜಪೇಟೆ ಕಡೆ ಹೋದ್ರೆ ನಾಟಿ ಮುಗಿದ ಗದ್ದೆಗಳೇ ಕಣ್ತುಂಬ. ಮಳೆ ಸ್ವಲ್ಪ ಬಿಡುವು ಕೊಟ್ಟಿರುತ್ತೆ, ಮನೆಮನೆಯಲ್ಲೂ ಕಡಂಬುಟ್ಟು ಬೇಯ್ತಿರುತ್ತೆ. ಕೈಲ್ ಪೊಳ್ದ್, ಅಂದ್ರೆ ಆಯುಧಗಳ ಹಬ್ಬ. ನಾಟಿ ಕಾಲದಲ್ಲಿ ಕನ್ನಿಕೊಂಬರೆಯಲ್ಲಿ ಇಟ್ಟಿದ್ದ ಕೋವಿ, ಕತ್ತಿಗಳನ್ನು ಹೊರತೆಗೆದು, ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಕೆಂಪು-ಹಳದಿಯ ಆ ಹೂವು ಕೋವಿ ನಳಿಗೆಯ ತುದಿಯಲ್ಲಿ ಬೆಂಕಿಯ ಹಾಗೇ ಕಾಣುತ್ತೆ.

ಗೆಳೆಯನ ಮನೆಯಲ್ಲಿ ಪೂಜೆಯ ಚಾಪೆ ಮೇಲೆ ಕೋವಿಗಳ ಪಕ್ಕ ಒಂದು ಪುಟ್ಟ ರಿವಾಲ್ವರ್ ಇತ್ತು. ವೆಬ್ಲಿ ಮಾದರಿಯ ಹಳೇ .32. ಸೈನ್ಯದಿಂದ ನಿವೃತ್ತರಾದ ಅವನ ಅಜ್ಜನದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯ್ತಿ ಇದೆ. ಅದನ್ನ 2029ರವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಆ ವಿನಾಯ್ತಿ ರಿವಾಲ್ವರಿಗಿಲ್ಲ. ಹಾಗಾಗಿ ಅಜ್ಜನ ಲೈಸೆನ್ಸ್ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ ಅದರ ಜೊತೆಗೇ ಇರುತ್ತೆ.

"ಈ ಸಲ ತೆಂಗಿನಕಾಯಿಗೆ ನಾನು ಇದರಲ್ಲೇ ಒಂದು ಹೊಡೀತೇನೆ" ಅಂದ್ರು ಅಜ್ಜ. ಅದನ್ನ ಮುಟ್ಟದೆ ವರ್ಷಗಳಾಗಿದ್ದವಂತೆ. ಮೊಮ್ಮಕ್ಕಳೆಲ್ಲ ಫೋನ್ ಹಿಡಿದು ರೆಡಿ. "ಇರಿ, ಮೊದಲು ಇದರ ಆರೋಗ್ಯ ನೋಡೋಣ" ಅಂತ ಜಗಲಿಯಲ್ಲಿ ಕೂತ್ರು.

ಮೊದಲು ತೋಟಾಗಳೆಲ್ಲ ಬೇರೆ ಕೋಣೆಗೆ ಹೋದವು. ಕೊಕ್ಕೆ ಒತ್ತಿ ನಳಿಗೆ ಬಗ್ಗಿಸಿ ಸಿಲಿಂಡರಿನ ಆರೂ ಕುಳಿ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿದ್ರು, ಆಮೇಲೆ ಬೆರಳಿಟ್ಟು ನೋಡಿದ್ರು. ನನಗೂ ತೋರಿಸಿದ್ರು. "ಖಾಲಿ ಅಂತ ಯಾರೋ ಹೇಳಿದ್ರೆ ನಂಬೋದಲ್ಲ, ಮಗಾ." ಹಿಂದೆ ಬಿಳಿ ಕಾಗದ ಹಿಡಿದು ನಳಿಗೆಯೊಳಗೆ ಇಣುಕಿದ್ರೆ ಸುರುಳಿ ಗೆರೆಗಳು ಸ್ಪಷ್ಟವಾಗಿದ್ದವು. ಒಳಗೆಲ್ಲೂ ಕಪ್ಪು ಉಂಗುರದ ಗುರುತಿಲ್ಲ. ಅಂಥ ಉಂಗುರ ಕಂಡ್ರೆ ನಳಿಗೆ ಉಬ್ಬಿದೆ ಅನ್ನೋ ಅನುಮಾನ ಬರಬೇಕಂತೆ. ಮಡಚಿ ಅಲುಗಾಡಿಸಿ ನೋಡಿದ್ರು. ಬಗ್ಗುವ ಕೀಲಿನಲ್ಲಿ, ಕೊಕ್ಕೆಯಲ್ಲಿ ಸಡಿಲ ಇಲ್ಲ.

ಹ್ಯಾಮರನ್ನು ಪೂರ್ತಿ ಹಿಂದಕ್ಕೆಳೆದು, ಟ್ರಿಗರ್ ಮುಟ್ಟದೆ, ಹೆಬ್ಬೆರಳಿಂದ ಮುಂದಕ್ಕೆ ದೂಡಿದ್ರು. ಜಾರಲಿಲ್ಲ. ಅದು ಜಾರಿಬಿಟ್ರೆ ಯಾರೂ ಟ್ರಿಗರ್ ಒತ್ತದೆಯೂ ಗುಂಡು ಹಾರಬಹುದು.

ಇಷ್ಟರಲ್ಲಿ ನಮಗೆಲ್ಲ ಬೋರಾಗಿತ್ತು, ಒಳಗಿಂದ ಪಂದಿ ಕರಿ ಘಮ ಬೇರೆ. ಅಜ್ಜ ಮಾತ್ರ ಒಂದು ಬೆರಳನ್ನು ಸಿಲಿಂಡರಿಗೆ ಹಗುರವಾಗಿ ತಾಗಿಸಿ ಹ್ಯಾಮರನ್ನು ನಿಧಾನಕ್ಕೆ ಎಳೀತಾ ಹೋದ್ರು. ಒಂದೊಂದು ಕುಳಿ ನಳಿಗೆಯ ಎದುರು ಬಂದಾಗಲೂ ಸಿಲಿಂಡರ್ 'ಟಕ್' ಅಂತ ಕಚ್ಚಿಕೊಂಡು ನಿಲ್ಲಬೇಕು. ಒಂದು, ಎರಡು, ಮೂರು ಸರಿ. ನಾಲ್ಕನೇದಕ್ಕೆ ಹ್ಯಾಮರ್ ಪೂರ್ತಿ ಹಿಂದೆ ಬಂತು, ಟಕ್ ಬರಲೇ ಇಲ್ಲ. ಬೆರಳಲ್ಲಿ ಕೂದಲೆಳೆಯಷ್ಟು ತಳ್ಳಿದ ಮೇಲೆ ಕಚ್ಚಿಕೊಂಡಿತು. ಎರಡನೇ ಸಲ, ಮೂರನೇ ಸಲ ನೋಡಿದ್ರು. ಅದೇ ಕುಳಿ, ಅದೇ ತೊಂದರೆ.

ಕುಳಿ ಮತ್ತು ನಳಿಗೆ ಒಂದೇ ಗೆರೆಯಲ್ಲಿ ಇಲ್ಲದಿದ್ರೆ ಗುಂಡು ನಳಿಗೆಯ ಅಂಚಿಗೆ ಹೊಡೆಯುತ್ತೆ. ಸೀಸದ ಚೂರು ಪಕ್ಕದ ಸಂದಿಯಿಂದ ಸಿಡಿಯುತ್ತೆ. ಪಕ್ಕದಲ್ಲಿ ಫೋನ್ ಹಿಡಿದು ನಿಲ್ಲಬೇಕಿದ್ದವನು ನಾನು!

"ಉಳಿದ ಐದು ಸರಿ ಇದ್ಯಲ್ಲ ಅಜ್ಜ, ಒಂದೇ ತೋಟಾ ಹಾಕಿ" ಅಂದ ಗೆಳೆಯ. ಅಜ್ಜ ಅವನ ಮುಖ ನೋಡಿದ್ರು ಅಷ್ಟೇ. ನಾಲ್ಕನೇದರ ಹಲ್ಲು ಸವೆದಿದ್ರೆ ಉಳಿದವು ಎಷ್ಟು ದಿನ? ಮನೆಯಲ್ಲಿ ಅರ ಹಿಡಿದು ಉಜ್ಜೋ ಕೆಲಸವೂ ಅಲ್ಲವಂತೆ ಅದು. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಹೋಗಬೇಕು. ಸವೆದ ಭಾಗ ಸಿಗದಿದ್ರೆ ಅಲ್ಲಿಗೆ ಅದರ ಕಥೆ ಮುಗೀತು.

ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿದ್ರು, ಎಣ್ಣೆ ಬಟ್ಟೆಯಲ್ಲಿ ಒರೆಸಿದ್ರು. ಬೇಜಾರು ಮುಖದಲ್ಲಿ ಕಾಣ್ತಿತ್ತು, ಮಾತಲ್ಲಿ ಮಾತ್ರ ಇಲ್ಲ. ಪೂಜೆಗೆ ಅದನ್ನೂ ಇಟ್ಟರು, ಅದಕ್ಕೂ ಒಂದು ಹೂವು ಸಿಕ್ಕಿತು.

ಮಧ್ಯಾಹ್ನ ಮೈದಾನದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಊರವರೆಲ್ಲ ಕೋವಿಯಲ್ಲಿ ಗುರಿ ಹಿಡಿದ್ರು. ಅಜ್ಜನ ಸರದಿ ಬಂದಾಗ ಸೊಸೆಯ ಕೋವಿ ಇಸ್ಕೊಂಡು, ಎರಡನೇ ಗುಂಡಿಗೆ ಕಾಯಿ ಒಡೆದ್ರು. ಮೊದಲನೇದು ಯಾಕೆ ತಪ್ಪಿತು ಅಂತ ಊಟಕ್ಕೆ ಕೂತಾಗಲೂ ವಾದ ನಡೀತಿತ್ತು.